ಬಜೆಟ್ ಕಡಿತದ ನಡುವೆ ಆರೋಗ್ಯ ಸಿಬ್ಬಂದಿಯ ತರಬೇತಿ ಉಳಿಸಿಕೊಳ್ಳುವುದು ಹೇಗೆ

ಅನುದಾನ ಕಡಿಮೆಯಾಗಿದೆ ಅಂತ ಪತ್ರ ಬಂದ ತಕ್ಷಣ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಎಲ್ಲ ಖರ್ಚಿನಲ್ಲೂ ಹತ್ತು ಪರ್ಸೆಂಟ್ ಕತ್ತರಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ನೋಡುವವರಿಗೆ ಅದು ನ್ಯಾಯವಾಗಿ ಕಾಣುತ್ತದೆ ನಿಜ, ಆದರೆ ಕೊನೆಗೆ ಎಲ್ಲವೂ ಅರೆಬರೆಯಾಗುತ್ತದೆ, ಅದರ ಪೆಟ್ಟು ಬೀಳುವುದು ರೋಗಿಗೆ.

ಮೊದಲು ಕೂತು ಒಂದು ಪಟ್ಟಿ ಮಾಡಿ. ಯಾವುದು ನಿಂತರೆ ವಿದ್ಯಾರ್ಥಿ ರೋಗಿಯನ್ನು ಸುರಕ್ಷಿತವಾಗಿ ನೋಡಿಕೊಳ್ಳಲಾರ? ಉತ್ತರ ಹೆಚ್ಚಾಗಿ ಕಟ್ಟಡವೂ ಅಲ್ಲ, ಸಾಫ್ಟ್‌ವೇರೂ ಅಲ್ಲ. ವಾರ್ಡಿನಲ್ಲಿ ಪಕ್ಕದಲ್ಲೇ ನಿಂತು, ಇಂಜೆಕ್ಷನ್ ಕೊಡುವಾಗ ಕೈ ನೋಡಿ ತಿದ್ದುವ ಅನುಭವಿ ನರ್ಸ್ ಅಥವಾ ಟೆಕ್ನೀಶಿಯನ್. ಇವರ ಸಮಯಕ್ಕೆ ಲೆಕ್ಕಪತ್ರದಲ್ಲಿ ಬೇರೆ ಸಾಲು ಇರುವುದೇ ಅಪರೂಪ, ಹಾಗಾಗಿ ಸದ್ದಿಲ್ಲದೆ ಮೊದಲು ಹೋಗುವುದೂ ಇದೇ. ಮೊದಲು ಅದಕ್ಕೊಂದು ಸಾಲು ಬರೆಯಿರಿ, ವಾರಕ್ಕೆ ಎಷ್ಟು ಗಂಟೆ, ಯಾರು, ಯಾವ ವಾರ್ಡು ಅಂತ. ಸಮ್ಮೇಳನ, ಮುದ್ರಣ, ಹೊಸ ಪೀಠೋಪಕರಣ ಎಲ್ಲ ಕಾಯಬಹುದು.

ಈಗಾಗಲೇ ಸೇರಿರುವ ಬ್ಯಾಚ್‌ಗಳ ಓದು ಮುಗಿಯುವಷ್ಟು ಹಣವನ್ನು ಮೊದಲೇ ತೆಗೆದಿಡಿ. ಆಮೇಲೆ ಬೇಕಾದರೆ ಹೊಸ ಸೀಟು ಕಡಿಮೆ ಮಾಡಿ, ಆದರೆ ಒಂದು ವರ್ಷದ ಪ್ರವೇಶವನ್ನೇ ಪೂರ್ತಿ ನಿಲ್ಲಿಸಬೇಡಿ. ಆ ಖಾಲಿ ಜಾಗ ಮೂರ್ನಾಲ್ಕು ವರ್ಷ ಬಿಟ್ಟು ಆಸ್ಪತ್ರೆಯಲ್ಲಿ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ನಿಮ್ಮ ಶಿಕ್ಷಕರೂ ಬೇರೆ ಕಡೆ ಹೋಗಿರುತ್ತಾರೆ.

ವಿದ್ಯಾರ್ಥಿಗಳ ಸ್ಟೈಪೆಂಡ್‌ಗೆ ಕೈ ಹಾಕುವುದು ಕೊನೆಯ ದಾರಿಯಾಗಿರಲಿ. ಇಂಗ್ಲೆಂಡಿನಲ್ಲಿ 2017ರಲ್ಲಿ ಹೊಸ ನರ್ಸಿಂಗ್ ವಿದ್ಯಾರ್ಥಿಗಳಿಗೆ ಬರ್ಸರಿ, ಅಂದರೆ ತಿರುಗಿ ಕೊಡಬೇಕಿಲ್ಲದ ಓದಿನ ನೆರವು, ನಿಲ್ಲಿಸಿ ಸಾಲ ತೆಗೆದುಕೊಳ್ಳಿ ಅಂದರು. ಆ ವರ್ಷ ಅರ್ಜಿಗಳು ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದವು. 2020ರಲ್ಲಿ ವರ್ಷಕ್ಕೆ ಕನಿಷ್ಠ 5,000 ಪೌಂಡ್ ನೆರವನ್ನು ಮತ್ತೆ ಶುರು ಮಾಡಬೇಕಾಯಿತು. ಉಳಿತಾಯ ಅಂದುಕೊಂಡದ್ದು ಹೀಗೆ ತಿರುಗಿ ಬರುತ್ತದೆ, ಅಲ್ವಾ?

ಇನ್ನು ಕಡಿಮೆ ಖರ್ಚಿನ ದಾರಿಗಳು. ಒಳ್ಳೆಯ ಗುಣಮಟ್ಟದ ಸಿಮ್ಯುಲೇಷನ್ (ನಿಜವಾದ ರೋಗಿಯ ಬದಲು ಗೊಂಬೆಯಂಥವನ್ನು ಇಟ್ಟುಕೊಂಡು ಮಾಡುವ ಅಭ್ಯಾಸ) ಇದ್ದರೆ ನರ್ಸಿಂಗ್‌ನ ಕ್ಲಿನಿಕಲ್ ಗಂಟೆಗಳಲ್ಲಿ, ಅಂದರೆ ರೋಗಿಗಳ ಜೊತೆ ಕಲಿಯುವ ಸಮಯದಲ್ಲಿ, ಅರ್ಧದವರೆಗೆ ಅದರಲ್ಲೇ ಕಲಿಸಬಹುದು ಅಂತ ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಆದರೆ ಅಲ್ಲಿ ಪಾಠ ಮಾಡಿದವರು ಅದಕ್ಕೆಂದೇ ತರಬೇತಾದವರು, ಪ್ರತಿ ಸಲವೂ ಕೂತು ಚರ್ಚೆ ಮಾಡುತ್ತಿದ್ದರು. ಸುಮ್ನೆ ಒಂದು ಗೊಂಬೆ ತಂದಿಟ್ಟರೆ ಆಗುವುದಿಲ್ಲ. ಹಾಗಂತ ದುಬಾರಿ ಗೊಂಬೆಯೇ ಬೇಕೆಂದೂ ಇಲ್ಲ. 2010ರಲ್ಲಿ ಶುರುವಾದ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ತರಬೇತಿಯಲ್ಲಿ, ಹುಟ್ಟಿದಾಗ ಉಸಿರಾಡದ ಮಗುವನ್ನು ಉಳಿಸುವುದನ್ನು ಸರಳ ಗೊಂಬೆ ಇಟ್ಟುಕೊಂಡು, ಇಬ್ಬಿಬ್ಬರಾಗಿ ಅಭ್ಯಾಸ ಮಾಡಿಸಿ ಕಲಿಸುತ್ತಾರೆ. ಕೆಲಸದಲ್ಲಿ ಇರುವವರಿಗೆ, ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2003ರಲ್ಲಿ ಶುರುವಾದ 'ಪ್ರಾಜೆಕ್ಟ್ ಎಕೋ' ಮಾದರಿ ನೋಡಿ: ದೂರದ ವೈದ್ಯರು ತಮ್ಮ ರೋಗಿಗಳ ಕೇಸನ್ನೇ ವಿಡಿಯೋ ಕರೆಯಲ್ಲಿ ತಜ್ಞರ ಮುಂದಿಟ್ಟು ಕಲಿಯುತ್ತಾರೆ, ಪ್ರಯಾಣದ ಖರ್ಚಿಲ್ಲ. ಅಂಗರಚನೆ, ಔಷಧಶಾಸ್ತ್ರದಂಥ ಥಿಯರಿ ಪಾಠಗಳನ್ನು ಎರಡು ಮೂರು ಸಂಸ್ಥೆಗಳು ಹಂಚಿಕೊಂಡರೂ ಸಾಕಷ್ಟು ಉಳಿಯುತ್ತದೆ.

ಹಣ ಕೇಳಲು ಹೋಗುವಾಗ ಶಿಕ್ಷಣದ ಮಹತ್ವದ ಬಗ್ಗೆ ಭಾಷಣ ಬೇಡ. 2030ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 1.1 ಕೋಟಿ ಆರೋಗ್ಯ ಕಾರ್ಯಕರ್ತರ ಕೊರತೆ ಆಗಲಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅದನ್ನು ಹೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ನಿಮ್ಮಲ್ಲಿ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅನ್ನುವ ಪಟ್ಟಿ ಕೈಯಲ್ಲಿರಲಿ. ಆಸ್ಪತ್ರೆಯವರಿಗೆ ಖಾಲಿ ಹುದ್ದೆಯ ಲೆಕ್ಕ ತೋರಿಸಿ: ಓವರ್‌ಟೈಮ್ ಎಷ್ಟು, ತಾತ್ಕಾಲಿಕ ಸಿಬ್ಬಂದಿಗೆ ಎಷ್ಟು ಕೊಡುತ್ತಿದ್ದಾರೆ, ಅದರಲ್ಲಿ ಎಷ್ಟು ಪಾಲಿಗೆ ಒಬ್ಬ ವಿದ್ಯಾರ್ಥಿ ತಯಾರಾಗುತ್ತಾನೆ. ಅವರಿಂದ ಹಣ ಸಿಗದಿದ್ದರೆ ಅನುಭವಿ ನರ್ಸುಗಳ ಸಮಯವನ್ನಾದರೂ ಬರೆದು ಕೊಡಿಸಿಕೊಳ್ಳಿ. ಬೇರೆ ಬೇರೆ ಕಡೆಯಿಂದ ಹಣ ಬರುವಂತಿದ್ದರೆ, ಎಲ್ಲವೂ ಒಂದೇ ತಿಂಗಳು ಮುಗಿಯದ ಹಾಗೆ ನೋಡಿಕೊಳ್ಳಿ.

ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಇರುವ ವಿಷಯವನ್ನು ಬೇಗ ಹೇಳಿಬಿಡಿ, ಗಾಳಿಮಾತು ಕೇಳಿ ಒಳ್ಳೆಯವರೇ ಮೊದಲು ಬಿಟ್ಟು ಹೋಗುತ್ತಾರೆ. ಏನೇನು ನಿಲ್ಲಿಸಿದಿರಿ, ಮತ್ತೆ ಶುರು ಮಾಡಲು ಎಷ್ಟು ಬೇಕು, ಯಾವುದು ಮೊದಲು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ವರ್ಷದ ಕೊನೆಯಲ್ಲಿ ಉಳಿದ ಹಣ ಹಂಚುವಾಗ ಎರಡೇ ದಿನದಲ್ಲಿ ಪ್ರಸ್ತಾವನೆ ಕೊಡಿ ಅನ್ನುವುದುಂಟು, ಆಗ ಆ ಹಾಳೆಯನ್ನೇ ಕಳಿಸಬಹುದು.