ಮಳೆಗಾಲ ದಾಟಿದ ಹಳೆ ಸೀರೆಯ ಹಾಸುಗಳು

ಈ ವರ್ಷ ಆಶ್ಲೇಷಾ ಮಳೆ ಹಿಂದಾದ ಮೇಲೆ ನಮ್ಮ ಅತ್ತೆಯವರು ಜಗಲಿಯ ಬೆಂಚಿನ ಹಾಸನ್ನು ಮಗುಚಿ, ಮೂಗಿಗೆ ಹಿಡಿದು ನೋಡಿ, ಏನೂ ಹೇಳದೆ ಮತ್ತೆ ಅಲ್ಲಿಯೇ ಹಾಸಿದರು. "ಹರಕು ಬಟ್ಟೆ ಗಂಟು ಕಟ್ಟಿ ಮನೆ ತುಂಬ ಬೂಷ್ಟು ಬೆಳೆಸ್ತೀಯ" ಎಂದು ಮೂರು ವರ್ಷ ಹೇಳಿದವರ ಆ ಮೌನವೇ ನನಗೆ ಸಾಕಾಗಿತ್ತು.

ಮೊದಲ ವರ್ಷ ನಾನು ಬಯಲುಸೀಮೆಯ ಕೌದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಏಳೆಂಟು ಹತ್ತಿ ಸೀರೆಗಳನ್ನು ಪದರವಾಗಿ ಹಾಕಿ, ಒಂದೂವರೆ ತಿಂಗಳ ಮಧ್ಯಾಹ್ನಗಳನ್ನು ಸುರಿದು ಕೈಯಲ್ಲೇ ಹೊಲಿದಿದ್ದೆ. ಅಲ್ಲಿನ ಬಿಸಿಲಿಗೆ ಹೊಂದುವ ದಪ್ಪ ನಮ್ಮ ಸಾಗರದ ಕಡೆಯ ಮಳೆಗೆ ಹೊಂದುವುದಿಲ್ಲ. ಒಮ್ಮೆ ಒಗೆದದ್ದನ್ನು ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ ನಾಲ್ಕು ದಿನ ಹಾಕಿದರೂ ಹೊಗೆಯ ವಾಸನೆ ಹಿಡಿಯಿತೇ ಹೊರತು ಒಳಪದರ ಒಣಗಲಿಲ್ಲ. ಕೊನೆಗೆ ಅದು ಕೊಟ್ಟಿಗೆಗೆ ಹೋಯಿತು. ನೂಲಿಗೆ ಹಾಕಿದ ಸುಮಾರು 200 ರೂಪಾಯಿಯೂ ಅದರ ಜೊತೆಗೇ ಹೋಯಿತು.

ಈಗ ಎರಡು ಪದರಕ್ಕಿಂತ ಹೆಚ್ಚು ಹಾಕುವುದಿಲ್ಲ. ಕೂತು ಎದ್ದು ಸವೆದ ಸೀರೆಯ ನಡುಭಾಗವನ್ನು ಬೆಳಕಿಗೆ ಹಿಡಿದರೆ ಜರಡಿಯಂತೆ ಕಾಣುತ್ತದೆ, ಅದು ಒಳಪದರಕ್ಕೂ ಬೇಡ. ಸೆರಗು ಮತ್ತು ಸೊಂಟಕ್ಕೆ ಸಿಕ್ಕಿಸುವ ಒಳತುದಿ ಮಾತ್ರ ಗಟ್ಟಿಯಾಗಿ ಉಳಿದಿರುತ್ತವೆ. ಹೊಲಿಗೆಯವರ ಅಂಗಡಿಯಿಂದ ತಂದ ಹೊಸ ತುಂಡುಗಳನ್ನು ನೆನೆಸದೆಯೇ ಹಳೆಯದಕ್ಕೆ ಜೋಡಿಸಿದ ನನ್ನ ಎರಡನೆಯ ಹಾಸು ಮೊದಲ ಒಗೆತಕ್ಕೇ ಹಪ್ಪಳದಂತೆ ಮುದುಡಿತು. ಹೊಸದನ್ನು ಬಿಸಿನೀರಿನಲ್ಲಿ ಎರಡು ಸಲ ಹಾಕಿ ತೆಗೆಯದೆ ಈಗ ಕತ್ತರಿ ಮುಟ್ಟುವುದಿಲ್ಲ.

ದಿಂಬುಗಳು ಹಾಸಿಗಿಂತ ಹೆಚ್ಚು ಕಾಡಿದವು. ಚಿಂದಿ ತುಂಬಿದವು ಎರಡು ತಿಂಗಳಲ್ಲಿ ಕಲ್ಲಾದವು. ಹಿತ್ತಲಿನ ಬೂರುಗದ ಹತ್ತಿಯನ್ನು ಹಳೆಯ ಪಂಚೆಯ ಚೀಲಕ್ಕೆ ತುಂಬಿದಾಗ ಪಂಚೆಯ ಸಡಿಲ ನೇಯ್ಗೆಯಿಂದ ಎಳೆ ನುಸುಳಿ, ಒರಗಿ ಕೂತ ನೆಂಟರ ಕಪ್ಪು ಕೋಟೆಲ್ಲ ಬಿಳಿಯಾಯಿತು. ಯಾವುದಕ್ಕೂ ಬಾರದೆಂದು ಮೂಲೆಗೆ ಹಾಕಿದ್ದ ಯಜಮಾನರ ಟೆರಿಕಾಟ್ ಅಂಗಿಗಳು ಒಳಚೀಲಕ್ಕೆ ಹೇಳಿ ಮಾಡಿಸಿದಂತಿವೆ ಎಂದು ಆಮೇಲೆ ತಿಳಿಯಿತು. ನೇಯ್ಗೆ ಬಿಗಿ, ನೀರು ಬಿದ್ದರೂ ಬೇಗ ಒಣಗುತ್ತದೆ. ಬೂರುಗಕ್ಕೆ ಸಣ್ಣಗೆ ಕತ್ತರಿಸಿದ ಇನ್ನೊಂದು ವಸ್ತುವನ್ನು ಸೇರಿಸುತ್ತೇನೆ, ಅದು ಏನು ಮತ್ತು ಎಷ್ಟು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಒಳಚೀಲವನ್ನು ಒಗೆಯದೆ ಬಿಸಿಲಿಗಷ್ಟೇ ಹಾಕುವುದು, ಮೇಲಿನ ಗವಸನ್ನು ಮಾತ್ರ ಕಳಚಿ ಒಗೆಯುವುದು. ಗವಸಿಗೆ ಹಾಕಿದ್ದ ಲೋಹದ ಜಿಪ್ಪು ತುಕ್ಕು ಹಿಡಿದು ಕಲೆ ಬಿಟ್ಟಿದ್ದರಿಂದ, ಹಿಂಬದಿಯಲ್ಲಿ ಬಟ್ಟೆಯನ್ನು ಒಂದರ ಮೇಲೊಂದು ಬರುವಂತೆ ಮಡಚಿ ಹೊಲಿಯುತ್ತೇನೆ. 4 ಅಂಗುಲ ಬಿಟ್ಟಾಗ ಬಾಯಿ ಬಿಟ್ಟುಕೊಂಡಿತು, 6 ಅಂಗುಲ ಸರಿಯಾಯಿತು.

ನಡುವೆ ಬಣ್ಣದ ಹುಚ್ಚೂ ಹಿಡಿದಿತ್ತು. ಹೆಗ್ಗೋಡಿನ ಚರಕ ಎಂಬ ಕೈಮಗ್ಗ ಸಂಸ್ಥೆಯವರ ಬಟ್ಟೆಗಳ ಬಣ್ಣ ನೋಡಿದ್ದ ನಾನು, ಅಡಿಕೆ ಬೇಯಿಸುವ ಕಾಲದಲ್ಲಿ ಎರಡು ಚೊಂಬು ಚೊಗರು, ಅಂದರೆ ಅಡಿಕೆ ಬೆಂದ ಕೆಂಪು ನೀರು, ಎತ್ತಿಟ್ಟುಕೊಂಡು, ಪಟಿಕದ ನೀರಿನಲ್ಲಿ ನೆನೆಸಿದ ಹಳೆಯ ಬಿಳಿ ಹೊದಿಕೆಯನ್ನು ಅದರಲ್ಲಿ ಕುದಿಸಿದೆ. ಸೊಗಸಾದ ಕೆಂಗಂದು ಬಂತು. ಎರಡನೆಯದನ್ನು ಅವಸರಕ್ಕೆ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ್ದರಿಂದ ಬೂದಿಗಪ್ಪಾಯಿತು. ಆದರೆ ಕಲೆ ಕಾಣದ ಕಾರಣ ಮಕ್ಕಳ ಕೋಣೆಗೆ ಅದೇ ಒಳ್ಳೆಯದಾಯಿತು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೆಂಚಿನ ಹಾಸು, ಆರು ದಿಂಬು ಸೇರಿ 4,000 ರೂಪಾಯಿಯ ಮೇಲೆಯೇ ಹೇಳಿದ್ದರು. ನನಗೆ ಈ ಸಲ ನೂಲು, ಸೂಜಿ, ಮಷಿನ್ನಿನ ಹೊಸ ಬೆಲ್ಟು ಎಲ್ಲ ಸೇರಿ 350ರ ಆಸುಪಾಸು ಬಿತ್ತು. ಹಾಳಾದವುಗಳ ಲೆಕ್ಕ ಸೇರಿಸಿದರೆ ಮೂರು ವರ್ಷಕ್ಕೆ 1,200 ದಾಟಿರಬಹುದು. ಸೂಜಿಗಳಲ್ಲಿ ಅರ್ಧದಷ್ಟು ಜೀನ್ಸಿನ ಕಾಲೊರೆಸಿಗೇ ಬಲಿಯಾದವು. ನಾಲ್ಕು ಪದರ ಸೇರುವ ಕಡೆ 18ನೇ ನಂಬರಿನ ಸೂಜಿಯೂ ಮುರಿಯುತ್ತದೆ, ಅಷ್ಟು ಜಾಗವನ್ನು ಇವತ್ತಿಗೂ ಕೈಯಲ್ಲೇ ಹೊಲಿಯುತ್ತಿದ್ದೇನೆ.