ಗೇರುಬೀಜದ ಕ್ಯಾಲೊರಿಯನ್ನು ಮನೆಯಲ್ಲೇ ಅಳೆಯುವ ಕ್ರಮ

ಮಂಗಳೂರಿನ ಅಂಗಡಿಗಳಲ್ಲಿ ಸಿಗುವ ಗೇರುಬೀಜದ ಪೊಟ್ಟಣವನ್ನು ತಿರುಗಿಸಿ ನೋಡಿದರೆ, 100 ಗ್ರಾಂಗೆ 550ರಿಂದ 600 ಕಿಲೊಕ್ಯಾಲೊರಿಯ ಆಸುಪಾಸಿನ ಒಂದು ಅಂಕಿ ಅಚ್ಚಾಗಿರುತ್ತದೆ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವೇ ಒಂದು ಕ್ಯಾಲೊರಿ, ಅಂದರೆ ಸುಮಾರು 4.18 ಜೂಲ್, ಆಹಾರದ ಮಾತು ಬಂದಾಗ ನಾವು ಕ್ಯಾಲೊರಿ ಎನ್ನುವುದು ಇದರ ಸಾವಿರ ಪಟ್ಟನ್ನು. ತೂಕ ಇಳಿಸುವ ಮತ್ತು ಆಯುಸ್ಸು ಹೆಚ್ಚಿಸುವ ಸಲಹೆಗಳಲ್ಲಿ ಬಹುಪಾಲು ಈ ಅಳತೆಯನ್ನೇ ಆಧರಿಸಿರುವುದರಿಂದ, ಅದನ್ನು ಒಮ್ಮೆಯಾದರೂ ಕೈಯಾರೆ ಅಳೆದು ನೋಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ತೆಳುವಾದ ಒಂದು ತಗಡಿನ ಡಬ್ಬಿ, 0ರಿಂದ 100 ಡಿಗ್ರಿಯವರೆಗೆ ತೋರಿಸುವ ಪ್ರಯೋಗಾಲಯದ ಥರ್ಮಾಮೀಟರ್, ಗ್ರಾಂನ ಹತ್ತನೇ ಒಂದು ಭಾಗವನ್ನೂ ತೂಗುವ ಸಣ್ಣ ತಕ್ಕಡಿ, ಅಲ್ಯೂಮಿನಿಯಂ ಹಾಳೆ ಮತ್ತು ಗೇರುಬೀಜದ ತಿರುಳನ್ನು ಚುಚ್ಚಿ ನಿಲ್ಲಿಸಲು ಒಂದು ತಂತಿ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ತಿರುಳನ್ನು ಮಾತ್ರ ಉರಿಸಬೇಕೇ ಹೊರತು ಸಿಪ್ಪೆಯನ್ನು ಎಂದಿಗೂ ಉರಿಸಬಾರದು. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವುದನ್ನು ಗೇರು ತೋಟವಿರುವ ಮನೆಯವರೆಲ್ಲರೂ ಬಲ್ಲರು, ಅದರ ಹೊಗೆಯೂ ಅಪಾಯಕಾರಿ. ಮಕ್ಕಳು ಮಾಡುವುದಾದರೆ ಹಿರಿಯರು ಪಕ್ಕದಲ್ಲೇ ಇರಬೇಕು. ಬೀಜದ ಅಲರ್ಜಿ ಇರುವವರು ದೂರವಿರಬೇಕು.

ಡಬ್ಬಿಗೆ 200 ಮಿಲಿಲೀಟರ್, ಅಂದರೆ 200 ಗ್ರಾಂ ನೀರು ಹಾಕಿ, ಬಾಯಿಯನ್ನು ಹಾಳೆಯಿಂದ ಮುಚ್ಚಿ, ಥರ್ಮಾಮೀಟರನ್ನು ತಳಕ್ಕೆ ತಾಗದಂತೆ ಇಳಿಬಿಡಿ. ಫ್ಯಾನ್ ನಿಲ್ಲಿಸಿ. ತಿರುಳನ್ನು ತೂಗಿ, ತಂತಿಗೆ ಚುಚ್ಚಿ, ಹೊತ್ತಿಸಿದ ಕೂಡಲೇ ಡಬ್ಬಿಯ ಕೆಳಗಿಟ್ಟು, ಅಡಿಯಿಂದ ಗಾಳಿ ನುಸುಳಲು ಜಾಗ ಬಿಟ್ಟು ಸುತ್ತಲೂ ಹಾಳೆಯ ಮರೆ ಕಟ್ಟಿ. ಉರಿ ಆರಿದ ಮೇಲೆ ನೀರನ್ನು ಮೆಲ್ಲಗೆ ಕಲಕಿ, ಥರ್ಮಾಮೀಟರ್ ತಲಪಿದ ಗರಿಷ್ಠ ಅಂಕಿಯನ್ನು ಬರೆದುಕೊಂಡು, ಉಳಿದ ಕರಿಯನ್ನು ತೂಗಿ, ಮೊದಲಿನ ತೂಕದಿಂದ ಕಳೆಯಿರಿ. ಉದಾಹರಣೆಗೆ 1.2 ಗ್ರಾಂ ಉರಿದು ನೀರು 29ರಿಂದ 42 ಡಿಗ್ರಿಗೆ ಏರಿದರೆ, 200ನ್ನು 13ರಿಂದ ಗುಣಿಸಿದಾಗ 2,600 ಕ್ಯಾಲೊರಿ ದೊರೆಯುತ್ತದೆ; ಗ್ರಾಂಗೆ ಸುಮಾರು 2.2 ಕಿಲೊಕ್ಯಾಲೊರಿ.

ಪೊಟ್ಟಣದ ಅಂಕಿಯ ಅರ್ಧವೂ ಆಗಲಿಲ್ಲವೆಂದು ನಿರಾಶರಾಗಬೇಕಿಲ್ಲ. ಉಳಿದ ಶಾಖ ಎಲ್ಲಿ ಹೋಯಿತೆಂದು ಹುಡುಕುವುದೇ ಈ ಪ್ರಯೋಗದ ನಿಜವಾದ ಪಾಠ. ಒಂದಷ್ಟು ಗಾಳಿಗೆ ಹೋಗಿದೆ, ಒಂದಷ್ಟು ಡಬ್ಬಿಯ ತಗಡನ್ನೇ ಬಿಸಿಮಾಡಿದೆ, ಡಬ್ಬಿಯ ತಳಕ್ಕೆ ಹಿಡಿದ ಮಸಿ ಪೂರ್ತಿ ಉರಿಯದೆ ಉಳಿದ ಇಂಗಾಲ. ಬಾಂಬ್ ಕ್ಯಾಲೊರಿಮೀಟರ್ ಎಂಬ ಉಪಕರಣದಲ್ಲಿ ಆಹಾರವನ್ನು ಆಮ್ಲಜನಕ ತುಂಬಿದ ಗಟ್ಟಿ ಉಕ್ಕಿನ ಪಾತ್ರೆಯೊಳಗೆ ಉರಿಸಿ, ಆ ಪಾತ್ರೆಯನ್ನೇ ನೀರಿನಲ್ಲಿ ಮುಳುಗಿಸಿಡುವುದು ಈ ನಷ್ಟಗಳನ್ನು ತಡೆಯಲೆಂದೇ. ನಷ್ಟವನ್ನು ಸರಿದೂಗಿಸಲು ನೀರನ್ನು ಕೋಣೆಯ ಉಷ್ಣತೆಗಿಂತ ತಂಪಾಗಿಸಿ ಆರಂಭಿಸುವ ಉಪಾಯವೊಂದಿದೆ. ಆದರೆ ಕರಾವಳಿಯಲ್ಲಿ ಅದು ತಿರುಗುಬಾಣವಾಗುತ್ತದೆ. ಮಳೆಗಾಲದಲ್ಲಿ ಇಲ್ಲಿನ ತೇವದ ಗಾಳಿ 24 ಡಿಗ್ರಿಯ ಆಸುಪಾಸಿನಲ್ಲೇ ಹನಿಗಟ್ಟುವುದರಿಂದ, ಫ್ರಿಜ್ಜಿನ ನೀರು ತುಂಬಿದ ಡಬ್ಬಿ ಹೊರಗಿನಿಂದ ಬೆವರುತ್ತದೆ, ಹಾಗೆ ಹನಿಗಟ್ಟುವ ಪ್ರತಿ ಗ್ರಾಂ ಆವಿ ಸುಮಾರು 580 ಕ್ಯಾಲೊರಿಯನ್ನು ಡಬ್ಬಿಗೆ ಕೊಟ್ಟು ಲೆಕ್ಕವನ್ನು ಕೆಡಿಸುತ್ತದೆ. ಆದ್ದರಿಂದ ಕೋಣೆಯ ಉಷ್ಣತೆಯ ನೀರಿನಿಂದಲೇ ಆರಂಭಿಸಿ.

ಇದೇ 580ರ ಅಂಕಿ ನಮ್ಮ ಮೈಗೂ ಅನ್ವಯಿಸುತ್ತದೆ. ಬೆವರು ಚರ್ಮದ ಮೇಲೆ ಆವಿಯಾದರೆ ಮಾತ್ರ ಆ ಶಾಖವನ್ನು ಒಯ್ಯುತ್ತದೆ. ಮೇ ತಿಂಗಳ ಸೆಕೆಯಲ್ಲಿ ಆವಿಯಾಗದೆ ನೆಲಕ್ಕೆ ತೊಟ್ಟಿಕ್ಕಿದ ಬೆವರು ಮೈಯನ್ನು ತಂಪಾಗಿಸುವುದು ಅತ್ಯಲ್ಪ. ಹೀಗಿರುವಾಗ ಉಡುಪಿಯಲ್ಲಿ ಮುಂಜಾನೆ ನಡೆದು ಅಂಗಿ ಒದ್ದೆಯಾದುದನ್ನು ಕ್ಯಾಲೊರಿ ಖರ್ಚಿನ ಲೆಕ್ಕವೆಂದು ಹಿಡಿಯಬಾರದು.

ಉಸಿರಾಟವೂ ನಿಧಾನವಾದ ಉರಿಯುವಿಕೆಯೇ ಎಂಬುದನ್ನು 1782–83ರ ಚಳಿಗಾಲದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲಾವೋಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ ಅನ್ನು ಮಂಜುಗಡ್ಡೆಯ ಪಾತ್ರೆಯೊಳಗಿಟ್ಟು, ಅದರ ಮೈಶಾಖಕ್ಕೆ ಕರಗಿದ ನೀರನ್ನು ತೂಗಿ ತೋರಿಸಿದರು. ದಿನಕ್ಕೆ 2,000 ಕಿಲೊಕ್ಯಾಲೊರಿ ಖರ್ಚು ಮಾಡುವ ದೇಹ ಸರಾಸರಿ 97 ವ್ಯಾಟ್ ಶಾಖವನ್ನು ಹೊರಸೂಸುತ್ತದೆ. ಆದರೆ ದೇಹ ಎಲ್ಲವನ್ನೂ ಉರಿಸಲಾರದು. ಪ್ರೋಟೀನಿನ ಒಂದಷ್ಟು ಶಕ್ತಿ ಯೂರಿಯಾದೊಡನೆ ಮೂತ್ರದಲ್ಲಿ ಹೊರಹೋಗುತ್ತದೆ. ಇಂಥ ನಷ್ಟಗಳನ್ನು ಕಳೆದೇ ಅಮೆರಿಕದ ವಿಲ್ಬರ್ ಆಟ್‌ವಾಟರ್ ಪ್ರೋಟೀನ್ ಮತ್ತು ಪಿಷ್ಟಕ್ಕೆ ಗ್ರಾಂಗೆ 4, ಕೊಬ್ಬಿಗೆ 9 ಎಂಬ ಅಂಕಿಗಳನ್ನು ಕೊಟ್ಟರು. ಪೊಟ್ಟಣಗಳ ಲೆಕ್ಕ ಇಂದಿಗೂ ಹೆಚ್ಚಾಗಿ ಇವುಗಳಿಂದಲೇ ನಡೆಯುತ್ತದೆ. ಕುಚ್ಚಲಕ್ಕಿ ಗಂಜಿಯ ಕ್ಯಾಲೊರಿ ತಿಳಿಯಬೇಕಿದ್ದರೆ ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಬೇಕು, ಏಕೆಂದರೆ ನೀರು ತೂಕವನ್ನು ಹೆಚ್ಚಿಸುತ್ತದೆ, ಶಕ್ತಿಯನ್ನಲ್ಲ.

ಮುಪ್ಪಿನ ಕುರಿತ ಮಾತುಗಳನ್ನು ಓದುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪ್ರಾಣಿಗಳು ಜೀವಮಾನದಲ್ಲಿ ದೇಹತೂಕಕ್ಕೆ ತಕ್ಕ ಒಂದು ಗೊತ್ತಾದ ಮೊತ್ತದ ಶಕ್ತಿಯನ್ನಷ್ಟೇ ಖರ್ಚು ಮಾಡುತ್ತವೆ ಎಂದು ಜರ್ಮನಿಯ ಶರೀರವಿಜ್ಞಾನಿ ಮ್ಯಾಕ್ಸ್ ರೂಬ್ನರ್ 1908ರಲ್ಲಿ ಸೂಚಿಸಿದರು. ಬಿರುಸಾಗಿ ಶಕ್ತಿ ವ್ಯಯಿಸಿಯೂ ದೀರ್ಘಕಾಲ ಬದುಕುವ ಹಕ್ಕಿಗಳು ಮತ್ತು ಬಾವಲಿಗಳು ಅದನ್ನು ಸುಳ್ಳಾಗಿಸುತ್ತವೆ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕೇ ಮತ್ತು ಸಂಗಡಿಗರು ಕಡಿಮೆ ಕ್ಯಾಲೊರಿ ಉಂಡ ಇಲಿಗಳು ಹೆಚ್ಚು ಕಾಲ ಬದುಕಿದ್ದನ್ನು ವರದಿ ಮಾಡಿದರು, ಆದರೆ ಆ ಇಲಿಗಳಿಗೆ ಪೋಷಕಾಂಶಗಳ ಕೊರತೆಯಾಗದಂತೆ ನೋಡಿಕೊಳ್ಳಲಾಗಿತ್ತು. ರೀಸಸ್ ಕೋತಿಗಳ ಮೇಲೆ ನಡೆದ ಎರಡು ದೀರ್ಘ ಅಧ್ಯಯನಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು ಆಯುಸ್ಸು ಹೆಚ್ಚಿತೆಂದರೆ, 2012ರಲ್ಲಿ ಪ್ರಕಟವಾದ ಇನ್ನೊಂದು ಹಾಗೆ ಹೇಳಲಿಲ್ಲ. ಮನುಷ್ಯರ ಮೇಲಿನ ಎರಡು ವರ್ಷಗಳ ಪ್ರಯೋಗದಲ್ಲಿ ಶೇ. 25ರಷ್ಟು ಕಡಿತದ ಗುರಿಯಿದ್ದರೂ ಸಾಧ್ಯವಾದದ್ದು ಸುಮಾರು ಶೇ. 12, ಹೃದಯಕ್ಕೆ ಸಂಬಂಧಿಸಿದ ಸೂಚಕಗಳು ಸುಧಾರಿಸಿದವು, ಮೂಳೆಯ ಸಾಂದ್ರತೆ ತುಸು ಇಳಿಯಿತು.

ಹಾಗಾಗಿ ಮನೆಯ ಹಿರಿಯರಿಗೆ ಊಟ ಕಡಿಮೆ ಮಾಡಿಸುವ ಮುನ್ನ ವೈದ್ಯರನ್ನು ಕೇಳಿ. 2021ರಲ್ಲಿ ಪ್ರಕಟವಾದ ದೊಡ್ಡದೊಂದು ವಿಶ್ಲೇಷಣೆಯ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರ ವಯಸ್ಸಿನ ತನಕ ದೈನಂದಿನ ಶಕ್ತಿವ್ಯಯ ಹೆಚ್ಚುಕಡಿಮೆ ಸ್ಥಿರವಾಗಿದ್ದು, ಆಮೇಲೆ ವರ್ಷಕ್ಕೆ ಶೇ. 0.7ರಷ್ಟು ಇಳಿಯುತ್ತದೆ. ಇಳಿಕೆ ಇಷ್ಟು ಸಣ್ಣದಾಗಿರುವಾಗ ತಟ್ಟೆಯಲ್ಲಿ ಮೊದಲು ಉಳಿಸಿಕೊಳ್ಳಬೇಕಾದದ್ದು ಸ್ನಾಯುಗಳನ್ನು ಕಾಯುವ ಬೇಳೆ, ಮೀನು, ಮೊಸರು. ಅವರ ತೂಕವನ್ನು ತಿಂಗಳಿಗೊಮ್ಮೆ ಬರೆದಿಟ್ಟು, ಬಯಸದೆಯೇ ಇಳಿಯುತ್ತಿದ್ದರೆ ತಡಮಾಡದೆ ತಪಾಸಣೆಗೆ ಕರೆದೊಯ್ಯಿರಿ.