ಡಮರುವೋ, ಕಡುಬೋ: ನೀಹಾರಿಕೆಯ ಆಕಾರ ನನಗೆ ಅರ್ಥವಾದ ಬಗೆ

ಹಿರಿಯೂರಿನ ಆಚೆ ಸ್ನೇಹಿತರೊಬ್ಬರ ತೋಟದಲ್ಲಿ ಅಕ್ಟೋಬರ್ ತಿಂಗಳ ನಾಲ್ಕು ರಾತ್ರಿ ಕುಳಿತು ನಾನು ಎಂ 27 ಎಂಬ ನೀಹಾರಿಕೆಯ, ಅಂದರೆ ಬಾಹ್ಯಾಕಾಶದಲ್ಲಿ ಹೊಳೆಯುವ ಅನಿಲದ ಮೋಡವೊಂದರ, ಚಿತ್ರ ತೆಗೆದೆ. ಮೊದಲ ಎರಡು ರಾತ್ರಿ ಕ್ಯಾಮೆರಾದ ಮುಂದೆ ಹೈಡ್ರೋಜನ್-ಆಲ್ಫಾ ಫಿಲ್ಟರ್ ಇತ್ತು, ಮುಂದಿನ ಎರಡು ರಾತ್ರಿ ಆಕ್ಸಿಜನ್ ಫಿಲ್ಟರ್ ಇತ್ತು. ಮೊದಲನೆಯದು ಹೈಡ್ರೋಜನ್ ಹೊಮ್ಮಿಸುವ ಕೆಂಪು ಬೆಳಕಿನ ಆಸುಪಾಸನ್ನಷ್ಟೇ ಒಳಬಿಡುತ್ತದೆ, ಎರಡನೆಯದು ಆಕ್ಸಿಜನ್ನಿನ ಹಸಿರನ್ನಷ್ಟೇ. 80 ಮಿ.ಮೀ. ದೂರದರ್ಶಕ, ಕಪ್ಪು-ಬಿಳುಪು ಕ್ಯಾಮೆರಾ, 300 ಸೆಕೆಂಡುಗಳ ಎಕ್ಸ್‌ಪೋಷರ್, ಇವು ಯಾವುದೂ ಬದಲಾಗಿರಲಿಲ್ಲ. ಆದರೂ ಐದನೆಯ ದಿನ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಟ್ಟುಗೂಡಿಸಿ ಪಕ್ಕಪಕ್ಕದಲ್ಲಿ ತೆರೆದಾಗ, ಹೈಡ್ರೋಜನ್ ಚಿತ್ರದಲ್ಲಿ ನಡು ಸಣ್ಣಗಾದ ಆಕೃತಿಯೂ ಆಕ್ಸಿಜನ್ ಚಿತ್ರದಲ್ಲಿ ಇಬ್ಬದಿಯೂ ಉಬ್ಬಿದ ಆಕೃತಿಯೂ ಕಂಡವು. ಹಿಂದೆ ನಿಂತು ನೋಡುತ್ತಿದ್ದ ತೋಟದ ಯಜಮಾನರು, "ಎರಡೂ ಒಂದೇ ಅಂತೀರಲ್ಲ ಸ್ವಾಮಿ, ಇದು ಡಮರು, ಅದು ಕಡುಬು" ಎಂದರು.

ನಾನು ಫಿಲ್ಟರಿನ ಮೇಲೆ ಅನುಮಾನಪಟ್ಟೆ. ಫೋಕಸ್ ಜಾರಿ ಬೆಳಕು ಹರಡಿರಬೇಕೆಂದುಕೊಂಡು ಆಕ್ಸಿಜನ್ ಚಿತ್ರಗಳನ್ನೆಲ್ಲ ಅಳಿಸಿಹಾಕಿದೆ. ಆ ಪೆದ್ದುತನವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನವೆಂಬರಿನಲ್ಲಿ ಮತ್ತೆ ಹೋದಾಗ ಕತ್ತಲಾದ ಮೇಲೆ ಎರಡು ಗಂಟೆಗಳಷ್ಟೇ ಎಂ 27 ಸಾಕಷ್ಟು ಎತ್ತರದಲ್ಲಿತ್ತು, ಜೊತೆಗೆ ಮಸೂರದ ಮೇಲೆ ಇಬ್ಬನಿ ಕೂರುತ್ತಿತ್ತು. ಫೋಕಸನ್ನು ಅರ್ಧ ಗಂಟೆಗೊಮ್ಮೆ ಪರೀಕ್ಷಿಸುತ್ತ ತೆಗೆದ ಆ ಚಿತ್ರದಲ್ಲಿ ನಕ್ಷತ್ರಗಳು ಸೂಜಿಮೊನೆಯಂತಿದ್ದವು, ನೀಹಾರಿಕೆ ಮಾತ್ರ ಕಡುಬಾಗಿಯೇ ಉಳಿಯಿತು.

ಕಾರಣ ಇರುವುದು ನಡುವಿನ ನಕ್ಷತ್ರದಲ್ಲಿ. ಸುಮಾರು 1,300 ಜ್ಯೋತಿರ್ವರ್ಷ ದೂರದ ಈ ನೀಹಾರಿಕೆಯ ಮಧ್ಯದಲ್ಲಿ, ತನ್ನ ಹೊರಪದರಗಳನ್ನು ಕಳಚಿಕೊಂಡ ನಕ್ಷತ್ರವೊಂದರ ತಿರುಳು ಉಳಿದಿದೆ. ಅದರ ಮೇಲ್ಮೈಯ ತಾಪ ಸುಮಾರು ಒಂದು ಲಕ್ಷ ಕೆಲ್ವಿನ್. ಅಲ್ಲಿಂದ ಹೊಮ್ಮುವ ಅತಿನೇರಳೆ ಬೆಳಕು ಸುತ್ತಲಿನ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತದೆ. ಹೈಡ್ರೋಜನ್ನಿನಿಂದ ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಸಾಕು, ಆದರೆ ಆಕ್ಸಿಜನ್ನಿನ ಎರಡನೆಯ ಎಲೆಕ್ಟ್ರಾನನ್ನು ಕೀಳಲು 35 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಷ್ಟು ಶಕ್ತಿಯ ಬೆಳಕು ನಕ್ಷತ್ರದಿಂದ ಹೊರಟು ದಾರಿಯಲ್ಲೇ ಖರ್ಚಾಗುತ್ತ ಹೋಗುವುದರಿಂದ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ ಒಳಭಾಗವನ್ನು ತುಂಬಿಕೊಂಡು ಹೊಳೆಯುತ್ತದೆ. ಹೊರ ಅಂಚಿಗೆ ತಲುಪುವುದು ಅಳಿದುಳಿದ ದುರ್ಬಲ ಬೆಳಕು. ಅಲ್ಲಿ ಒಂದೇ ಎಲೆಕ್ಟ್ರಾನ್ ಕಳೆದುಕೊಂಡ ನೈಟ್ರೋಜನ್ ಹೊಳೆಯುತ್ತದೆ, ಮತ್ತು ಅದು ಹೊಮ್ಮಿಸುವ 658.4 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಗೆರೆ ಹೈಡ್ರೋಜನ್ನಿನ 656.3ಕ್ಕೆ ಎಷ್ಟು ಹತ್ತಿರವೆಂದರೆ ನನ್ನ 7 ನ್ಯಾನೊಮೀಟರ್ ಅಗಲದ ಫಿಲ್ಟರು ಎರಡನ್ನೂ ಒಳಬಿಡುತ್ತದೆ. ನಾನು ಹೈಡ್ರೋಜನ್ ಎಂದು ಹೆಸರಿಟ್ಟು ಉಳಿಸಿದ ಚಿತ್ರದ ಗಾಢವಾದ ಅಂಚುಗಳಲ್ಲಿ ನೈಟ್ರೋಜನ್ನಿನ ಪಾಲೂ ಇದೆ. ನನ್ನ ಎರಡು ಚಿತ್ರಗಳೂ ಸರಿಯೇ ಇದ್ದವು. ಒಂದೇ ಅನಿಲದ ಎರಡು ಬೇರೆ ವಲಯಗಳನ್ನು ಅವು ತೋರಿಸುತ್ತಿದ್ದವು.

ನನ್ನ ಆಕ್ಸಿಜನ್ ಫಿಲ್ಟರ್ ಒಳಬಿಡುವ 500.7 ನ್ಯಾನೊಮೀಟರಿನ ಹಸಿರು ಗೆರೆ ನನಗಿಂತ ದೊಡ್ಡವರನ್ನೂ ದಾರಿ ತಪ್ಪಿಸಿದೆ. 1864ರಲ್ಲಿ ಖಗೋಳಜ್ಞ ವಿಲಿಯಂ ಹಗ್ಗಿನ್ಸ್ 'ಬೆಕ್ಕಿನ ಕಣ್ಣು' ನೀಹಾರಿಕೆಯ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಅದರ ಬೆಳಕಿನಲ್ಲಿ, ಆ ಗೆರೆಯನ್ನು ಕಂಡರು. ಭೂಮಿಯ ಯಾವ ಧಾತುವಿಗೂ ಅದು ಹೊಂದದ ಕಾರಣ 'ನೆಬುಲಿಯಂ' ಎಂಬ ಹೊಸ ಧಾತುವನ್ನೇ ಕಲ್ಪಿಸಿಕೊಳ್ಳಲಾಯಿತು. ಅದು ಅತಿ ವಿರಳ ಸ್ಥಿತಿಯಲ್ಲಿರುವ ಆಕ್ಸಿಜನ್ನೇ ಎಂದು ಭೌತವಿಜ್ಞಾನಿ ಐರಾ ಬೋವೆನ್ ತೋರಿಸಿದ್ದು 1927ರಲ್ಲಿ.

ಡಮರುವಿನ ಪ್ರಶ್ನೆ ಹಾಗೆಯೇ ಉಳಿಯಿತು. ನಕ್ಷತ್ರ ಗುಂಡಗಿದ್ದ ಮೇಲೆ ಅದು ಕಳಚಿದ ಪದರವೂ ಗುಂಡಗಿರಬೇಕಲ್ಲವೆ? ಇದಕ್ಕೆ ಉತ್ತರದ ಅರ್ಧಭಾಗ 1978ರಲ್ಲಿ ಖಗೋಳಜ್ಞ ಸನ್ ಕ್ವಾಕ್ ಮತ್ತು ಸಂಗಡಿಗರು ಮುಂದಿಟ್ಟ ವಿವರಣೆಯಲ್ಲಿದೆ. ಕೆಂಪು ದೈತ್ಯನಾಗಿದ್ದಾಗ ನಕ್ಷತ್ರವು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ದಟ್ಟವಾದ ಅನಿಲವನ್ನು ನಿಧಾನವಾಗಿ ಹೊರಬಿಟ್ಟಿರುತ್ತದೆ. ತಿರುಳು ತೆರೆದುಕೊಂಡ ಮೇಲೆ ಅಲ್ಲಿಂದ ಹೊರಡುವ ತೆಳುವಾದ ಗಾಳಿಯ ವೇಗ ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮಿಗಿಲು. ಅಂಗಳದಲ್ಲಿ ನಿಂತ ಮಳೆನೀರನ್ನು ಪೊರಕೆಯಿಂದ ತಳ್ಳಿದಾಗ ಪೊರಕೆಯ ಮುಂದೆ ನೀರು ಏರಿ ದಿಂಡಾಗುವಂತೆ, ಹಿಂದಿನಿಂದ ಬಂದ ವೇಗದ ಗಾಳಿ ಮುಂದಿದ್ದ ಹಳೆಯ ಅನಿಲವನ್ನು ಒತ್ತರಿಸಿ ಚಿಪ್ಪಾಗಿಸುತ್ತದೆ. ಹಳೆಯ ಅನಿಲ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿದ್ದರೆ ಚಿಪ್ಪು ಗುಂಡಗಾಗುತ್ತದೆ. ನಡುವಿನ ಸಮತಲದಲ್ಲಿ ದಟ್ಟವಾಗಿದ್ದರೆ ಅಲ್ಲಿ ತಡೆಯಾಗಿ, ತೆಳುವಿರುವ ಎರಡು ತುದಿಗಳತ್ತ ಉಬ್ಬಿಕೊಳ್ಳುತ್ತದೆ. ಆ ದಟ್ಟ ಪಟ್ಟಿ ಏಕೆ ಉಂಟಾಗುತ್ತದೆ ಎಂಬುದಕ್ಕೆ ಇಂದು ಹೆಚ್ಚಿನ ಖಗೋಳಜ್ಞರು ಸುತ್ತುತ್ತಿರುವ ಜೊತೆನಕ್ಷತ್ರದತ್ತ ಬೆರಳು ತೋರಿಸುತ್ತಾರೆ. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ದಕ್ಷಿಣ ಉಂಗುರ ನೀಹಾರಿಕೆಯ ಚಿತ್ರಗಳನ್ನು ಪರಿಶೀಲಿಸಿದವರು, ಕಣ್ಣಿಗೆ ಕಾಣುವ ಜೋಡಿಯಲ್ಲದೆ ಇನ್ನೂ ಸಂಗಾತಿ ನಕ್ಷತ್ರಗಳಿದ್ದಿರಬೇಕೆಂದು ಊಹಿಸಿದ್ದಾರೆ. ನನಗೂ ಇದೇ ಒಪ್ಪುವಂತೆ ತೋರುತ್ತದೆ.

ಉತ್ತರದ ಉಳಿದರ್ಧ ನಾವು ಎಲ್ಲಿ ನಿಂತು ನೋಡುತ್ತೇವೆ ಎಂಬುದರಲ್ಲಿದೆ. ಇದು ನನಗೆ ಹೊಳೆದದ್ದು ತೋಟದ ಮನೆಯಲ್ಲಿ ಸೂರಿನಿಂದ ತೂಗುಬಿಟ್ಟಿದ್ದ ದುಂಡನೆಯ ಸೊಳ್ಳೆಪರದೆಯನ್ನು ನೋಡುವಾಗ. ಎದುರಿನಿಂದ ನೋಡಿದರೆ ಪರದೆಯ ನಡುಭಾಗ ಇಲ್ಲವೆಂಬಷ್ಟು ತೆಳು, ಎರಡೂ ಅಂಚುಗಳು ಬೆಳ್ಳಗೆ ಗಾಢ. ಏಕೆಂದರೆ ಅಂಚಿನಲ್ಲಿ ನಮ್ಮ ದೃಷ್ಟಿ ಪರದೆಯನ್ನು ಓರೆಯಾಗಿ ಸವರಿ ಹೆಚ್ಚು ಬಟ್ಟೆಯನ್ನು ಹಾದುಹೋಗುತ್ತದೆ. ಅದರ ಕೆಳಗೆ ಅಂಗಾತ ಮಲಗಿ ಮೇಲೆ ನೋಡಿದರೆ ಅದೇ ಪರದೆ ಉಂಗುರ. ವೀಣಾ ಪುಂಜದ ಉಂಗುರ ನೀಹಾರಿಕೆ ಎಂ 57 ಬಹುಮಟ್ಟಿಗೆ ಹೀಗೆ ತುದಿಯಿಂದ ಕಾಣುವ ಪೀಪಾಯಿ. ಎಂ 27 ಅನ್ನು ನಾವು ಪಕ್ಕದಿಂದ ನೋಡುತ್ತಿದ್ದೇವೆ, ಅದರ ಧ್ರುವದ ಕಡೆಯಿಂದ ನೋಡಿದ್ದರೆ ಅದೂ ಉಂಗುರದಂತೆಯೇ ಕಾಣುತ್ತಿತ್ತು.

ಇಂಥ ಚಿತ್ರಕ್ಕೆ ನಮ್ಮ ನಾಡಿನಲ್ಲಿ ಎರಡು ತೊಡಕುಗಳಿವೆ. ಎಂ 27 ರಾತ್ರಿಯಿಡೀ ಕಾಣುವ ಜುಲೈ-ಆಗಸ್ಟ್ ತಿಂಗಳುಗಳನ್ನು ಮುಂಗಾರು ನುಂಗಿಹಾಕುತ್ತದೆ, ಹಾಗಾಗಿ ಏಪ್ರಿಲ್ಲಿನ ನಸುಕು ಅಥವಾ ಅಕ್ಟೋಬರಿನ ಸಂಜೆ ಮಾತ್ರ ಉಳಿಯುತ್ತವೆ. ದೂರದರ್ಶಕವನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಮೌಂಟಿನ ಅಕ್ಷವನ್ನು ಹೊಂದಿಸಬೇಕಾದ ಧ್ರುವನಕ್ಷತ್ರ ಹಿರಿಯೂರಿನಲ್ಲಿ ದಿಗಂತದಿಂದ ಸುಮಾರು 14 ಡಿಗ್ರಿ ಎತ್ತರದಲ್ಲಷ್ಟೇ ಇದ್ದು, ನಮ್ಮ ತೋಟದಲ್ಲಿ ಅದು ಸರಿಯಾಗಿ ತೆಂಗಿನಮರವೊಂದರ ಹಿಂದೆ ಬರುತ್ತದೆ. ಚಂದ್ರನಿರುವ ರಾತ್ರಿ ಹೈಡ್ರೋಜನ್ ಫಿಲ್ಟರ್ ಹೇಗೋ ನಡೆಯುತ್ತದೆ, ಆಕ್ಸಿಜನ್ ಫಿಲ್ಟರಿಗೆ ಅಮಾವಾಸ್ಯೆಯ ಆಸುಪಾಸೇ ಬೇಕು.

ಜನವರಿಯಲ್ಲಿ ಮಹಾವ್ಯಾಧನ (ಒರಾಯನ್) ನೀಹಾರಿಕೆ ಎಂ 42 ಕಡೆಗೆ ತಿರುಗಿದಾಗ ಇದೇ ಪಾಠ ಬೇರೆ ರೂಪದಲ್ಲಿ ಎದುರಾಯಿತು. ಅಲ್ಲಿ ಆಕಾರ ಕೊಡುವ ಥೀಟಾ-1 ಒರಾಯನಿಸ್ ಸಿ ಎಳೆಯ ನಕ್ಷತ್ರ, ಸೂರ್ಯನ 30 ಪಟ್ಟಿಗೂ ಹೆಚ್ಚು ಭಾರದ್ದು. ಅದು ದೊಡ್ಡ ಮೋಡವೊಂದರ ನಮ್ಮ ಕಡೆಯ ಮೈಯನ್ನು ಕೊರೆದು ಬೋಗುಣಿಯಂತೆ ಮಾಡಿದೆ. ನಡುಭಾಗ ಎಷ್ಟು ಪ್ರಖರವೆಂದರೆ 300 ಸೆಕೆಂಡಿನ ಚಿತ್ರದಲ್ಲಿ ಅದು ಬರೀ ಬಿಳಿಯ ಕಲೆ. 10 ಸೆಕೆಂಡಿನವುಗಳನ್ನು ಬೇರೆಯಾಗಿ ತೆಗೆದು ಸೇರಿಸಿದಾಗಲೇ ಥೀಟಾ-1 ಸಿ ಸೇರಿದಂತೆ ನಡುವಿನ ನಾಲ್ಕು ನಕ್ಷತ್ರಗಳೂ, ಅವುಗಳ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎಳೆದಂಥ ಪ್ರಕಾಶದ ಗೆರೆಯೂ ಬಿಡಿಸಿಕೊಂಡವು. ಆ ಗೆರೆ ಬೋಗುಣಿಯ ಗೋಡೆ, ನಮಗೆ ಅಂಚಿನಿಂದ ಕಾಣುವಂಥದ್ದು. ಪರದೆಯ ಅಂಚನ್ನು ನೋಡಿದ್ದ ನನಗೆ ಅದನ್ನು ಗುರುತಿಸುವುದು ಕಷ್ಟವಾಗಲಿಲ್ಲ.

ಅದೇ ಪುಂಜದ ಕುದುರೆ ತಲೆ ನೀಹಾರಿಕೆ ಇನ್ನೊಂದು ಬಗೆಯದು. ಹಿಂದಿನ ಕೆಂಪು ಹೈಡ್ರೋಜನ್ ಪರದೆಗೆ ಅಡ್ಡನಿಂತ ದಟ್ಟ ಧೂಳು ಅದು. ಸಿಗ್ಮಾ ಒರಾಯನಿಸ್ ನಕ್ಷತ್ರದ ಬೆಳಕು ಸುತ್ತಲಿನ ತೆಳುವಾದದ್ದನ್ನು ಸವೆಸಿದ ಮೇಲೆ ಸವೆಯದೆ ಉಳಿದ ಗಟ್ಟಿ ಭಾಗ. 1888ರಲ್ಲಿ ವಿಲಿಯಮಿನಾ ಫ್ಲೆಮಿಂಗ್ ಅದನ್ನು ಗುರುತಿಸಿದ್ದು ಹಾರ್ವರ್ಡಿನ ಛಾಯಾಫಲಕವೊಂದರಲ್ಲಿ.

ಈಗ ಎಂ 27ರ ಎರಡು ಚಿತ್ರಗಳನ್ನೂ ಒಂದರ ಮೇಲೊಂದು ಇಟ್ಟು, ಹೈಡ್ರೋಜನ್ನಿಗೆ ಕೆಂಪು, ಆಕ್ಸಿಜನ್ನಿಗೆ ಹಸಿರು ಮತ್ತು ನೀಲಿ ಕೊಟ್ಟಿದ್ದೇನೆ. ನೀಹಾರಿಕೆ ಚಿತ್ರದಲ್ಲಿ ಸುಮಾರು 300 ಪಿಕ್ಸೆಲ್‌ಗಳಷ್ಟೇ ಅಗಲವಿದೆ, ಆದರೂ ನೀಲಿ ಕಡುಬಿನ ಮೇಲೆ ಕೆಂಪು ಡಮರು ಸ್ಪಷ್ಟವಾಗಿ ಕೂತಿದೆ. ಕಂಪ್ಯೂಟರಿನಲ್ಲಿ ಪ್ರಕಾಶವನ್ನು ಇನ್ನಷ್ಟು ಹೆಚ್ಚಿಸಿದಾಗ ಅದರ ಹೊರಗೆ, ಕ್ಯಾಮೆರಾದ ಕಾಳುಕಾಳು ಗದ್ದಲದ ನಡುವೆ, ಮಂಕಾದ ಪ್ರಭಾವಳಿಯೊಂದು ಇದೆಯೋ ಇಲ್ಲವೋ ಎಂಬಂತೆ ಕಾಣುತ್ತದೆ. ದೊಡ್ಡ ದೂರದರ್ಶಕಗಳ ಚಿತ್ರಗಳಲ್ಲಿ ಅದು ನಿಚ್ಚಳವಾಗಿದೆ; ಚಿಪ್ಪಿಗಿಂತ ಮುಂಚೆ ನಕ್ಷತ್ರ ಹೊರಬಿಟ್ಟ ಅನಿಲವದು. ನನ್ನ ಚಿತ್ರದಲ್ಲಿ ಅದು ಎದ್ದು ಕಾಣಬೇಕಾದರೆ ಇನ್ನೂ ಇಪ್ಪತ್ತು ಗಂಟೆಗಳ ಬೆಳಕಾದರೂ ಬೇಕು. ಬರುವ ಅಕ್ಟೋಬರಿಗೆ ತೆಂಗಿನಮರದಿಂದ ಹತ್ತು ಮಾರು ಆಚೆ ಮೌಂಟಿಗೊಂದು ಸಿಮೆಂಟಿನ ಕಟ್ಟೆ ಹಾಕಿಸಲು ಯಜಮಾನರು ಒಪ್ಪಿದ್ದಾರೆ.